ಮದ್ದಿಲ್ಲದ ಆಸ್ಪತ್ರೆ

‘ಆರೋಗ್ಯ’ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ ರೋಗವೇ ಕುಳಿತಿರುವುದು ಕಾಣುತ್ತದೆ. ರೋಗವಿಲ್ಲದವನು ಅರೋಗ, ಅವನ ಸ್ಥಿತಿ ಆರೋಗ್ಯ. ಮನುಷ್ಯರ ಮಟ್ಟಿಗೆ ಈ ಶಬ್ದದಿಂದ ಹೆಚ್ಚಿನ ತೊಡಕಿಲ್ಲ. ತಲೆನೋವು ಬಂದವನು ಬಂತೆಂದು ಹೇಳುತ್ತಾನೆ, ಬಾರದವನು ಸುಮ್ಮನಿರುತ್ತಾನೆ. ಆದರೆ ಮಾತಿಲ್ಲದ, ಒಂದೂವರೆ ಅಂಗುಲ ಉದ್ದದ, ಸಾವಿರಾರು ಸಂಖ್ಯೆಯಲ್ಲಿ ಒಂದೇ ಅಚ್ಚಿನಿಂದ ಎರಕ ಹೊಯ್ದಂತೆ ಕಾಣುವ ಮೀನುಗಳಲ್ಲಿ ರೋಗ ಇದೆಯೆಂದು ತಿಳಿಯುವುದು ಹೇಗೆ? ಅದಕ್ಕಿಂತ ಕಷ್ಟದ ಪ್ರಶ್ನೆ, ಇಲ್ಲವೆಂದು ತಿಳಿಯುವುದು ಹೇಗೆ? ಜಗತ್ತಿನ ಎಷ್ಟೋ ಸಂಶೋಧನಾಲಯಗಳಲ್ಲಿ ಕೆಲವರು ದಿನ ಬೆಳಗಾದರೆ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರು ತಪ್ಪಿದರೆ ಸಾಯುವುದು ಮೀನು ಮಾತ್ರವಲ್ಲ. ಆ ಮೀನನ್ನು ನಂಬಿ ನಡೆದ ಸಂಶೋಧನೆಯೂ ಸುಳ್ಳಾಗುತ್ತದೆ.

ಈ ಮೀನಿನ ಹೆಸರು ಜೀಬ್ರಾ ಮೀನು. ಬೆಳ್ಳಿಬಣ್ಣದ ಮೈಮೇಲೆ ಕಿವಿರಿನ ಬಳಿಯಿಂದ ಬಾಲದ ತುದಿಯವರೆಗೆ ಎಳೆದ ನೀಲಿ ಗೆರೆಗಳಿಂದ ಆ ಹೆಸರು ಬಂದಿದೆ. ಜೀಬ್ರಾದ ಮೈಮೇಲಿನ ಪಟ್ಟೆಗಳು ಹೆಚ್ಚಾಗಿ ಮೇಲಿನಿಂದ ಕೆಳಗೆ ಇಳಿದರೆ ಮೀನಿನವು ಉದ್ದಕ್ಕೆ ಹರಿಯುತ್ತವೆ. ಹೆಸರಿಟ್ಟವರು ಅಷ್ಟು ಸೂಕ್ಷ್ಮಕ್ಕೆ ಹೋಗಲಿಲ್ಲವೆಂದು ಕಾಣುತ್ತದೆ. ಶಾಸ್ತ್ರಜ್ಞರು ಇದನ್ನು ಡೇನಿಯೊ ರೇರಿಯೊ ಎನ್ನುತ್ತಾರೆ. ಉತ್ತರ ಭಾರತದ ನದೀಬಯಲುಗಳ ಹಳ್ಳ, ಕೊಳ, ಬತ್ತದ ಗದ್ದೆಯಲ್ಲಿ ನಿಂತ ನೀರು, ಇವೇ ಇದರ ತವರು. ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಟಿಪ್ಪು ಸುಲ್ತಾನನ ಪತನದ ಬಳಿಕ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ, ಇಲ್ಲಿಯ ಬೆಳೆ, ಮಣ್ಣು, ಕುಲಕಸುಬುಗಳನ್ನೆಲ್ಲ ಊರೂರಿಗೂ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನೇ ಆತ. ಮುಂದೆ ಬಂಗಾಳದ ಕಡೆ ಅಂಥದೇ ಕೆಲಸ ಮಾಡಿ, ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಸೇರಿಸಿಕೊಂಡು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಹೊರತಂದನು. ಕೋಸಿ ನದಿಯಲ್ಲಿ ಸಿಕ್ಕಿದ ಈ ಪುಟ್ಟ ಮೀನು ಅದರಲ್ಲಿ ಸೇರಿತು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಗದ್ದೆಯ ಮೀನು ಕಡಲು ದಾಟಿ, ಪರದೇಶದ ಮನೆಗಳ ಗಾಜಿನ ತೊಟ್ಟಿಗಳಲ್ಲಿ ಅಲಂಕಾರವಾಗಿ, ಕೊನೆಗೆ ಅಮೆರಿಕದ ಆರೆಗನ್ ರಾಜ್ಯದ ಯೂಜೀನ್ ನಗರದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿಯ ಕಣ್ಣಿಗೆ ಬಿತ್ತು. ಆತ ಬಣ್ಣದ ಮೀನಿನ ಅಂಗಡಿಯಿಂದ ಕೊಂಡು ತಂದ ಮೀನುಗಳಿಂದಲೇ ಕೆಲಸಕ್ಕೆ ತೊಡಗಿದನು. 1981ರಲ್ಲಿ ಆತ ಪ್ರಕಟಿಸಿದ ಲೇಖನದಿಂದ ಈ ಮೀನು ವಂಶಶಾಸ್ತ್ರದ ರಂಗಸ್ಥಳವನ್ನು ಏರಿತು. 1996ರ ಡಿಸೆಂಬರಿನಲ್ಲಿ ಒಂದು ಪ್ರತಿಷ್ಠಿತ ವಿಜ್ಞಾನಪತ್ರಿಕೆ ತನ್ನ ಇಡೀ ಸಂಚಿಕೆಯನ್ನು ಇದಕ್ಕೇ ಮೀಸಲಿಟ್ಟಿತು. 2013ರಲ್ಲಿ ಇದರ ವಂಶವಾಹಿಗಳ ಸಂಪೂರ್ಣ ಲಿಪಿಯನ್ನು ಮನುಷ್ಯನದರೊಡನೆ ಹೋಲಿಸಿದಾಗ, ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಈ ಮೀನಿನಲ್ಲಿ ಜೊತೆಗಾರ ಉಂಟೆಂದು ಗೊತ್ತಾಯಿತು. ಈಗ ಹೈದರಾಬಾದು, ದೆಹಲಿ, ಬೆಂಗಳೂರುಗಳ ಸಂಶೋಧನಾಲಯಗಳಲ್ಲಿಯೂ ಈ ಮೀನಿಗೆ ಬಿಡಾರವಿದೆ. ದೆಹಲಿಯವರು 2009ರಲ್ಲಿ ಓದಿ ಮುಗಿಸಿದುದು ಅಸ್ಸಾಮಿನ ನೀರಿನಿಂದ ತಂದ ಕಾಡುಮೀನಿನ ವಂಶಲಿಪಿ ಎಂಬುದನ್ನು ಮಾತ್ರ ತುಸು ಹೆಮ್ಮೆಯಿಂದಲೇ ಹೇಳಬಹುದು.

ಇಷ್ಟು ಮೀನುಗಳಿರುವಾಗ ಇದರ ಮೇಲೇ ಏಕೆ ಪ್ರೀತಿ? ಇದರ ಮೊಟ್ಟೆಯೂ ಅದರೊಳಗಿನ ಪಿಂಡವೂ ಸ್ಫಟಿಕದಂತೆ ಪಾರದರ್ಶಕ. ಮೊಟ್ಟೆಯಿಟ್ಟ ಒಂದು ದಿನದೊಳಗೆ ಪಿಂಡದ ಹೃದಯ ಮಿಡಿಯತೊಡಗುವುದನ್ನು, ರಕ್ತಕಣಗಳು ಸಾಲುಗೊಂಡು ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಎರಡು ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ. ಮೂರು ತಿಂಗಳಿಗೆ ಅದೇ ತಾಯಿ ತಂದೆಯಾಗಲು ಸಿದ್ಧ. ಒಂದು ಹೆಣ್ಣು ಒಂದೇ ಬೆಳಗ್ಗೆ ನೂರಾರು ಮೊಟ್ಟೆಗಳನ್ನಿಡುತ್ತದೆ. ಒಂದು ಹೊಸ ಔಷಧ ಹೃದಯಕ್ಕೆ ಕೆಡುಕೋ, ಒಂದು ವಂಶವಾಹಿ ಕೆಟ್ಟರೆ ಕಿವಿ ಕೇಳುವುದೋ ಇಲ್ಲವೋ ಎಂಬಂಥ ಪ್ರಶ್ನೆಗಳನ್ನು ಈ ಮೀನಿನ ಬಳಿ ಕೇಳಿದರೆ ಉತ್ತರ ಬೇಗ ಬರುತ್ತದೆ. ಉತ್ತರ ನಿಜವಾಗಬೇಕಾದರೆ ಮಾತ್ರ ಉತ್ತರ ಕೊಡುವವನು ಸ್ವಸ್ಥನಾಗಿರಬೇಕು.

ಮೀನಿನ ಕೋಣೆಯನ್ನು ಹೊಕ್ಕವರಿಗೆ ಗ್ರಂಥಾಲಯದ ನೆನಪಾಗುವುದು ಸಹಜ. ನೆಲದಿಂದ ತಲೆಯೆತ್ತರದವರೆಗೆ ಕಪಾಟುಗಳು. ಕಪಾಟಿನಲ್ಲಿ ಪುಸ್ತಕಗಳ ಬದಲು ಸಾಲಾಗಿ ಜೋಡಿಸಿದ ಚಿಕ್ಕ ತೊಟ್ಟಿಗಳು. ಪ್ರತಿಯೊಂದಕ್ಕೂ ಒಂದು ಚೀಟಿ. ಲೀಟರಿಗೆ ಐದರಿಂದ ಹತ್ತು ಮೀನುಗಳು. ನೀರು 28 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ದೀಪ ಹತ್ತಿದೊಡನೆ ಮೀನಿಗೆ ಸೂರ್ಯೋದಯ, ಮೊಟ್ಟೆಯಿಡುವುದು ಆಗಲೇ. ಇಟ್ಟ ಮೊಟ್ಟೆಗಳನ್ನು ತಾಯಿತಂದೆಗಳೇ ತಿಂದುಬಿಡುವುದರಿಂದ, ಮೊಟ್ಟೆಗಳು ಜಾರಿ ಕೆಳಗೆ ಬೀಳುವಂತೆ ತಳದಲ್ಲಿ ಒಂದು ಜಾಲರಿಯನ್ನಿಡುತ್ತಾರೆ.

ಮೀನಿನ ಆರೋಗ್ಯದಲ್ಲಿ ಮುಕ್ಕಾಲು ಪಾಲು ನೀರಿನ ಆರೋಗ್ಯ. ಮನೆಯಲ್ಲಿ ಬಣ್ಣದ ಮೀನು ಸಾಕಿದವರಿಗೆ ಇದು ಅನುಭವದಿಂದಲೇ ಗೊತ್ತಿರುತ್ತದೆ. ಮಕ್ಕಳ ಹಟಕ್ಕೆ ಸೋತು ಹೊಸ ಗಾಜಿನ ತೊಟ್ಟಿಯನ್ನು ತಂದು, ತಿಳಿನೀರು ತುಂಬಿ, ಅಂದೇ ಹತ್ತು ಮೀನು ಬಿಟ್ಟರೆ, ವಾರದೊಳಗೆ ಒಂದೊಂದಾಗಿ ತೇಲುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಮನೆಯವರು ದೂರುವುದುಂಟು. ಎಷ್ಟೋ ಸಲ ಅವನ ತಪ್ಪೇನೂ ಇರುವುದಿಲ್ಲ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ವಿಸರ್ಜಿಸುತ್ತದೆ. ಅದು ಮೀನಿಗೇ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ ಮತ್ತೊಂದು ಜಾತಿಯವು ನೈಟ್ರೈಟನ್ನು ಅಷ್ಟೊಂದು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಿ ಸಂಸಾರ ಹೂಡಲು ವಾರಗಟ್ಟಲೆ ಬೇಕು. ಸಂಶೋಧನಾಲಯದಲ್ಲಿ ಈ ಬ್ಯಾಕ್ಟೀರಿಯಗಳಿಗೆಂದೇ ಒಂದು ದೊಡ್ಡ ಶೋಧಕವಿರುತ್ತದೆ. ಎಲ್ಲ ತೊಟ್ಟಿಗಳ ನೀರೂ ಅಲ್ಲಿಗೆ ಹರಿದು, ಶುದ್ಧಿಗೊಂಡು, ನೇರಳಾತೀತ ಕಿರಣದ ದೀಪದ ಮುಂದೆ ಹಾದು, ಮತ್ತೆ ತೊಟ್ಟಿಗಳಿಗೆ ಬರುತ್ತದೆ. ದಿನವೂ ನೂರಕ್ಕೆ ಹತ್ತರಷ್ಟು ಹೊಸ ನೀರನ್ನು ಸೇರಿಸುವುದು ವಾಡಿಕೆ. ಆ ಹೊಸ ನೀರು ನಲ್ಲಿಯದಾದರೆ ಅದರ ಕ್ಲೋರಿನನ್ನು ಮೊದಲು ತೆಗೆಯಬೇಕು. ಮನುಷ್ಯನನ್ನು ಕಾಯುವ ಕ್ಲೋರಿನು ಮೀನಿನ ಕಿವಿರನ್ನು ಸುಡುತ್ತದೆ.

ಇಲ್ಲಿಯೇ ವೈದ್ಯನ ಕೈ ಕಟ್ಟಿಹೋಗುವುದು. ಸಾವಿರಾರು ಮೀನುಗಳಿಗೆ ಒಂದೇ ಬಾವಿಯ ನೀರು ಎಂಬಂಥ ಏರ್ಪಾಡು ಇದು. ಒಂದು ತೊಟ್ಟಿಗೆ ಸೋಂಕು ತಗುಲಿತೆಂದು ನೀರಿಗೆ ಜೀವಿರೋಧಕ ಔಷಧವನ್ನು ಬೆರೆಸಿದರೆ, ಅದು ಶೋಧಕದ ಉಪಕಾರಿ ಬ್ಯಾಕ್ಟೀರಿಯಗಳನ್ನೂ ಕೊಂದುಬಿಡಬಹುದು, ಅಮೋನಿಯ ಏರುತ್ತದೆ, ರೋಗದಿಂದ ಉಳಿದ ಮೀನು ಮದ್ದಿನಿಂದ ಸಾಯುತ್ತದೆ. ಸಾಯದೆ ಉಳಿದರೂ ಮದ್ದು ಸೇವಿಸಿದ ಮೀನು ಪ್ರಯೋಗಕ್ಕೆ ಒದಗುವುದು ಅನುಮಾನ. ಮೈಮೇಲೆ ಚಿನ್ನದ ಧೂಳು ಉದುರಿಸಿದಂತೆ ಕಾಣುವ ಮಖಮಲ್ ರೋಗದಂಥ ಕೆಲವನ್ನು ಉಪ್ಪಿನಿಂದ ಹತೋಟಿಗೆ ತರುವುದುಂಟು. ಆದರೆ ಈ ಕೋಣೆಗಳನ್ನು ನಿಜವಾಗಿ ಕಾಡುವ ಎರಡು ಮುಖ್ಯ ರೋಗಗಳಿಗೆ ಬಳಸಬಲ್ಲ ಮದ್ದೇ ಇಲ್ಲ.

ಮೊದಲನೆಯದು ಕ್ಷಯದ ಬಳಗದ ಮೈಕೋಬ್ಯಾಕ್ಟೀರಿಯಗಳಿಂದ ಬರುವುದು. ಕೊಳವೆಗಳ ಒಳಮೈಯ ಲೋಳೆಯಲ್ಲಿ ಅವು ಮನೆಮಾಡಿಕೊಂಡಿರುತ್ತವೆ. ಮೀನು ಬಡಕಲಾಗುತ್ತದೆ; ಮೈಮೇಲೆ ಹುಣ್ಣು ಏಳುತ್ತದೆ; ಹೊಟ್ಟೆಯುಬ್ಬಿ ಹುರುಪೆಗಳು ಅನಾನಸಿನ ಸಿಪ್ಪೆಯಂತೆ ನಿಮಿರುವುದೂ ಉಂಟು. ಇವುಗಳಲ್ಲಿ ಮೈಕೋಬ್ಯಾಕ್ಟೀರಿಯಮ್ ಮರೀನಮ್ ಎಂಬುದು ತೊಟ್ಟಿ ತೊಳೆಯುವವನ ಕೈಯ ಗಾಯದ ಮೂಲಕ ಮನುಷ್ಯನಿಗೂ ಅಂಟಿ, ಬಹುಕಾಲ ಮಾಯದ ಗಂಟುಗಳನ್ನು ಎಬ್ಬಿಸಬಲ್ಲುದು. ಗಾಯವಿರುವ ಕೈಯನ್ನು ಬರಿದಾಗಿ ನೀರಿಗೆ ಇಳಿಸಬಾರದೆಂಬ ನಿಯಮ ಮನೆಯ ತೊಟ್ಟಿಗೂ ಅನ್ವಯಿಸುತ್ತದೆ. ವಿಚಿತ್ರವೆಂದರೆ, ಇದೇ ರೋಗಾಣುವನ್ನು ಬೇಕೆಂದೇ ಜೀಬ್ರಾ ಮೀನಿನ ಮರಿಗೆ ಚುಚ್ಚಿ, ಕ್ಷಯ ಮೈಯೊಳಗೆ ಹೇಗೆ ಬೇರೂರುತ್ತದೆಂಬುದನ್ನು ಕಣ್ಣಾರೆ ನೋಡುವ ವಿದ್ವಾಂಸರೂ ಇದ್ದಾರೆ. ಭಾರತದಲ್ಲಿ ಓದಿ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದ ಲಲಿತಾ ರಾಮಕೃಷ್ಣನ್ ಅವರ ಹೆಸರು ಇದರಲ್ಲಿ ಪ್ರಸಿದ್ಧವಾದುದು. ಒಂದು ಕೋಣೆಯಲ್ಲಿ ಬಾಗಿಲು ಹಾಕಿ ತಡೆಯುವ ಶತ್ರುವನ್ನು ಪಕ್ಕದ ಕೋಣೆಯಲ್ಲಿ ಗುರುವೆಂದು ಕೂರಿಸಿಕೊಂಡಂತಾಯಿತು.

ಎರಡನೆಯದು ಇನ್ನೂ ಕಪಟಿ. ಅದರ ಹೆಸರು ಸೂಡೊಲೋಮ ನ್ಯೂರೊಫೀಲಿಯ. ಶಿಲೀಂಧ್ರಗಳ ದೂರದ ನೆಂಟನೆನ್ನಬಹುದಾದ ಈ ಪರಾವಲಂಬಿ ಹೆಸರೇ ಹೇಳುವಂತೆ ನರಪ್ರಿಯ. ಮೀನಿನ ಬೆನ್ನುಹುರಿಯಲ್ಲಿಯೂ ಮಿದುಳಿನ ಹಿಂಭಾಗದಲ್ಲಿಯೂ ಬಿಡಾರ ಹೂಡುತ್ತದೆ. 1980ರಲ್ಲಿಯೇ ಯೂರೋಪಿನಲ್ಲಿ ಯಾರದೋ ಕಣ್ಣಿಗೆ ಬಿದ್ದಿದ್ದರೂ ಇದಕ್ಕೊಂದು ಹೆಸರು ದೊರೆತುದು 2001ರಲ್ಲಿ. ಸಂಶೋಧನೆಯ ಜೀಬ್ರಾ ಮೀನುಗಳಲ್ಲಿ ಅತ್ಯಂತ ವ್ಯಾಪಕವಾದ ಸೋಂಕುಗಳಲ್ಲಿ ಇದೊಂದು. ಕೆಲವು ಮೀನುಗಳು ಸೊರಗುತ್ತವೆ, ಕೆಲವುಗಳ ಬೆನ್ನು ಡೊಂಕಾಗುತ್ತದೆ. ಹೆಚ್ಚಿನವು ಏನೂ ಆಗದಂತೆ ಈಜಿಕೊಂಡಿರುತ್ತವೆ, ಉಣ್ಣುತ್ತವೆ, ಮೊಟ್ಟೆಯಿಡುತ್ತವೆ.

ಅಪಾಯವಿರುವುದು ಈ ‘ಏನೂ ಆಗದ’ ಮೀನುಗಳಲ್ಲಿಯೇ. ಜೀಬ್ರಾ ಮೀನು ಸಂಘಜೀವಿ. ಹೆದರಿದಾಗ ಗುಂಪು ಇನ್ನೂ ಒತ್ತಾಗುತ್ತದೆ. ಮನಸ್ಸಿನ ಕಳವಳಕ್ಕೆ ಕೊಡುವ ಔಷಧಗಳನ್ನು ಪರೀಕ್ಷಿಸುವವರು ಮೀನುಗಳ ನಡುವಣ ಅಂತರವನ್ನು ಅಳೆದು, ಇದು ಹೆದರಿದೆ, ಇದು ನಿರಾಳವಾಗಿದೆ ಎಂದು ತೀರ್ಮಾನಿಸುವುದುಂಟು. ಆರೆಗನ್ನಿನ ವಿಜ್ಞಾನಿಗಳು ಸೋಂಕು ತಗುಲಿದ ಮೀನುಗಳನ್ನೂ ತಗುಲದವನ್ನೂ ಹೋಲಿಸಿ 2017ರಲ್ಲಿ ತಿಳಿಸಿದುದೇನೆಂದರೆ, ಸೋಂಕಿನ ಮೀನುಗಳು ಹೊರನೋಟಕ್ಕೆ ಸ್ವಸ್ಥವಾಗಿದ್ದರೂ ಒಂದಕ್ಕೊಂದು ಹೆಚ್ಚು ಹತ್ತಿರವಾಗಿ ಈಜುತ್ತವೆ. ಈಗ ವಾಚಕರೇ ಊಹಿಸಲಿ. ಒಂದು ತೊಟ್ಟಿಗೆ ಔಷಧ ಕೊಟ್ಟಿದೆ, ಇನ್ನೊಂದಕ್ಕೆ ಕೊಟ್ಟಿಲ್ಲ. ಒಂದರಲ್ಲಿ ಸೋಂಕು ಹೆಚ್ಚಾಗಿದ್ದು ಇನ್ನೊಂದರಲ್ಲಿ ಕಡಮೆಯಿದ್ದರೆ, ಪರಾವಲಂಬಿಯ ಆಟವೆಲ್ಲ ಔಷಧದ ಗುಣವಾಗಿ ಅಂಕಿಅಂಶಗಳ ಪಟ್ಟಿಯೊಳಗೆ ಏರಿಬಿಡುತ್ತದೆ. ಅಳತೆ ಸರಿ, ಗಣಿತ ಸರಿ, ವಿಜ್ಞಾನಿ ಪ್ರಾಮಾಣಿಕ. ತೀರ್ಮಾನ ಮಾತ್ರ ಸುಳ್ಳು. ಕರುಳಿನ ಅರ್ಬುದದ ವಿಷಯದಲ್ಲಿಯೂ ಇಂಥದೇ ಗೊಂದಲಕ್ಕೆ ಎಡೆಯುಂಟು. ಕರುಳಿನಲ್ಲಿ ವಾಸಿಸುವ ಕೂದಲೆಳೆಯಂಥ ಒಂದು ಹುಳುವಿಗೂ ಮೀನಿನ ಕರುಳಿನ ಗೆಡ್ಡೆಗಳಿಗೂ ಸಂಬಂಧ ಕಂಡುಬಂದಿದೆ. ಅದನ್ನರಿಯದೆ ರಾಸಾಯನಿಕಗಳನ್ನು ಪರೀಕ್ಷಿಸಿದರೆ ನಿರಪರಾಧಿಯಾದ ರಾಸಾಯನಿಕದ ಮೇಲೆ ಅಪವಾದ ಬಂದೀತು.

ಮದ್ದಿಲ್ಲದ ಮೇಲೆ ಉಳಿದ ಉಪಾಯವೆಂದರೆ ರೋಗವನ್ನು ಒಳಗೆ ಬಿಡದಿರುವುದು. ಅದಕ್ಕಾಗಿ ಇಲ್ಲಿ ಏರ್ಪಟ್ಟಿರುವ ಕಟ್ಟುಪಾಡುಗಳನ್ನು ಕಂಡರೆ ಹಳೆಯ ಕಾಲದ ಮನೆಗಳ ಮಡಿ ನೆನಪಾಗದಿರದು. ಹೊರಗಿನಿಂದ ಬಂದ ಮೀನಿಗೆ ಮುಖ್ಯ ಕೋಣೆಗೆ ಪ್ರವೇಶವಿಲ್ಲ, ಎಂದೆಂದಿಗೂ ಇಲ್ಲ. ಅದರ ವಾಸ ಬೇರೆ ಕೋಣೆಯಲ್ಲಿ. ಅಲ್ಲಿಯ ನೀರು ಬೇರೆ, ಬಲೆ ಬೇರೆ, ಬಟ್ಟಲು ಬೇರೆ. ಕೆಲಸದವನು ಶುದ್ಧವಾದ ಕೋಣೆಯಿಂದ ಆ ಕೋಣೆಗೆ ಹೋಗಬಹುದು. ಹೋದ ಮೇಲೆ ಆ ದಿನ ಹಿಂದಿರುಗಿ ಬರುವಂತಿಲ್ಲ. ಆದುದರಿಂದ ಅಲ್ಲಿಯ ಕೆಲಸವನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ಪದ್ಧತಿ. ಈ ಮಡಿಗೆ ಕುಲಗೋತ್ರಗಳ ಹಂಗಿಲ್ಲ. ಸೂಕ್ಷ್ಮದರ್ಶಕ ತೋರಿಸಿಕೊಟ್ಟ ಕಾರಣವಿದೆ.

ಹೊರಗಿನ ಮೀನು ಒಳಕ್ಕೆ ಬರದಿದ್ದರೂ ಅದರ ಮೊಟ್ಟೆ ಬರಬಹುದು. ಒಂದು ದಿನ ತುಂಬುವುದರೊಳಗೆ ಮೊಟ್ಟೆಗಳನ್ನು ಹದವರಿತು ಕಲಸಿದ ಕ್ಲೋರಿನ್ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಒಳಗೆ ತರುತ್ತಾರೆ. ಊರಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದರ ಹಿಂದಿನ ತತ್ತ್ವವೇ ಇಲ್ಲಿಯದೂ. ಹದ ಹೆಚ್ಚಾದರೆ ಪಿಂಡ ಸಾಯುತ್ತದೆ, ಕಡಮೆಯಾದರೆ ರೋಗಾಣು ಬದುಕುತ್ತದೆ. ಅನೇಕ ರೋಗಗಳಿಗೆ ಇಷ್ಟು ಸಾಕು. ನಮ್ಮ ನರಪ್ರಿಯ ಮಹಾಶಯನಿಗೆ ಸಾಲದು. ಗಟ್ಟಿಯಾದ ಕವಚವುಳ್ಳ ಅವನ ಬೀಜಾಣುಗಳಲ್ಲಿ ಕೆಲವು, ಮೊಟ್ಟೆ ತಾಳಿಕೊಳ್ಳುವಷ್ಟು ಕ್ಲೋರಿನನ್ನು ತಾವೂ ತಾಳಿಕೊಳ್ಳುತ್ತವೆ. ಅಷ್ಟೇ ಅಲ್ಲ, ತಾಯಿಯ ಅಂಡಾಶಯದಲ್ಲಿಯೇ ಮೊಟ್ಟೆಯ ಒಳಕ್ಕೆ ನುಗ್ಗಿ ಕುಳಿತಿರುವುದೂ ಉಂಟು. ಒಳಗೆ ಕುಳಿತವನನ್ನು ಹೊರಗಿನ ಸ್ನಾನ ಏನು ಮಾಡೀತು? ಇದಕ್ಕೆ ಕಂಡುಕೊಂಡ ದಾರಿ ಕಠೋರವಾದುದು. ಮೊಟ್ಟೆಯಿಟ್ಟ ಜೋಡಿಯನ್ನು ನೋವಾಗದಂತೆ ಕೊಂದು, ಮಿದುಳು ಬೆನ್ನುಹುರಿಗಳನ್ನು ಪರೀಕ್ಷಿಸಿ, ತಾಯಿತಂದೆ ಇಬ್ಬರಲ್ಲಿಯೂ ಸೋಂಕಿಲ್ಲವೆಂದು ಕಂಡರೆ ಮಾತ್ರ ಆ ಮೊಟ್ಟೆಗಳನ್ನು ಉಳಿಸಿಕೊಳ್ಳುವುದು. ಆರೆಗನ್ ರಾಜ್ಯ ವಿಶ್ವವಿದ್ಯಾಲಯದ ಕೊರ್ವಾಲಿಸ್ ನಗರದ ಪ್ರಯೋಗಾಲಯದವರು ಹೀಗೆ ತಲೆಮಾರಿನಿಂದ ತಲೆಮಾರಿಗೆ ಸೋಸಿ ಸೋಸಿ ಈ ಸೋಂಕಿಲ್ಲದ ಒಂದು ಮೀನಿನ ಸಂತಾನವನ್ನು ಬೆಳೆಸಿದರು. ಅದರ ವೃತ್ತಾಂತವನ್ನು 2011ರಲ್ಲಿ ಪ್ರಕಟಿಸಿದರು.

ಹಾಗಾದರೆ ಎಲ್ಲ ಕಡೆಯೂ ಹಳೆಯ ಮೀನುಗಳನ್ನು ಕಳೆದು ಹೊಸ ಸಂತಾನವನ್ನೇ ತರಬಾರದೇಕೆ? ಹೇಳಿದಷ್ಟು ಸುಲಭವಲ್ಲ. ಕಪಾಟಿನ ಆ ಚೀಟಿಗಳಲ್ಲಿ ಒಂದೊಂದೂ ಒಂದೊಂದು ವಂಶದ ಹೆಸರು. ಯಾರೋ ವಿದ್ಯಾರ್ಥಿ ಐದಾರು ವರ್ಷ ದುಡಿದು ಪಡೆದ, ಜಗತ್ತಿನಲ್ಲಿ ಮತ್ತೆಲ್ಲಿಯೂ ಇರದ ಒಂದು ಪರಿವರ್ತಿತ ವಂಶ ಇಪ್ಪತ್ತು ಮೀನುಗಳ ಒಂದು ತೊಟ್ಟಿಯಲ್ಲಿ ಮಾತ್ರ ಬದುಕಿರಬಹುದು. ಅದು ಸೋಂಕಿನ ತೊಟ್ಟಿಯಾದರೂ ಎಸೆಯುವಂತಿಲ್ಲ. ಗಂಡುಮೀನಿನ ವೀರ್ಯವನ್ನು ದ್ರವ ಸಾರಜನಕದ ಶೀತದಲ್ಲಿ ಕಾದಿಡುವ ವಿದ್ಯೆ ಬಂದ ಮೇಲೆ ಈ ಭಯ ಸ್ವಲ್ಪ ಕಡಮೆಯಾಗಿದೆ. ಕಾದಿಡುವುದಕ್ಕೆ ಹಣವನ್ನೂ ಆಳನ್ನೂ ಒದಗಿಸುವ ಮನಸ್ಸು ಮೇಲಿನವರಿಗೆ ಇದ್ದರೆ.

ಇಷ್ಟಾದ ಮೇಲೂ ಮೊದಲಿನ ಪ್ರಶ್ನೆ ಉಳಿದೇ ಇದೆ: ಇಲ್ಲದಿರುವುದನ್ನು ಕಾಣುವುದು ಹೇಗೆ? ದಿನನಿತ್ಯದ ಮಟ್ಟಿಗೆ ಮೀನು ಸಾಕುವವನ ಕಣ್ಣೇ ಆಧಾರ. ಬೆಳಗ್ಗೆ ಆತ ತೊಟ್ಟಿಯಿಂದ ತೊಟ್ಟಿಗೆ ನಡೆಯುತ್ತಾನೆ. ಉಣಿಸು ಹಾಕಿದಾಗ ಮೇಲೆ ಬಾರದ ಮೀನು ಯಾವುದು? ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದು ಯಾವುದು? ನೀರಿನ ಮೇಲ್ಮೈಯಲ್ಲಿ ಬಾಯಿಬಿಡುತ್ತಿರುವುದು ಒಂದೋ, ತೊಟ್ಟಿಯ ಎಲ್ಲವೋ? ಒಂದಾದರೆ ದೋಷ ಮೀನಿನದು, ಎಲ್ಲವಾದರೆ ನೀರಿನದು. ಸತ್ತ ಮೀನನ್ನು ಕಂಡ ಕ್ಷಣವೇ ತೆಗೆಯಬೇಕು. ತಡವಾದರೆ ಉಳಿದವು ಅದನ್ನು ತಿಂದು ಅದರ ಬೆನ್ನುಹುರಿಯ ಬೀಜಾಣುಗಳನ್ನೂ ನುಂಗುತ್ತವೆ. ದೊಡ್ಡ ದೊಡ್ಡ ಲೇಖನಗಳ ತಲೆಬರಹದಲ್ಲಿ ಈತನ ಹೆಸರು ಕಾಣುವುದು ಅಪರೂಪ. ಅದು ನ್ಯಾಯವೆಂದು ಹೇಳಲಾಗದು.

ಕಣ್ಣಿಗೆ ಕಾಣದುದನ್ನು ಹಿಡಿಯುವುದಕ್ಕೆ ಕಾವಲು ಮೀನುಗಳಿವೆ. ಸೋಂಕಿಲ್ಲವೆಂದು ಖಚಿತವಾದ ಕೆಲವು ಮೀನುಗಳನ್ನು ಆರಿಸಿ, ಎಲ್ಲ ತೊಟ್ಟಿಗಳ ಕೊಳೆನೀರು ಬಂದು ಕೂಡುವ ಎಡೆಯಲ್ಲಿ, ಶೋಧಕಕ್ಕೂ ನೇರಳಾತೀತ ದೀಪಕ್ಕೂ ಮೊದಲೇ ಆ ನೀರು ತಗುಲುವಂತೆ ಇರಿಸುತ್ತಾರೆ. ಇಡೀ ಕೋಣೆಯಲ್ಲಿ ಎಲ್ಲಿ ಯಾವ ರೋಗವಿದ್ದರೂ ಅದರ ಕಣ ಇವುಗಳ ಬಳಿಗೆ ಹರಿದು ಬರಲೇಬೇಕು. ಇವುಗಳ ಮೇಲೆ ಯಾವ ಪ್ರಯೋಗವೂ ಇಲ್ಲ. ಮೂರರಿಂದ ಆರು ತಿಂಗಳು ಇವು ಉಳಿದೆಲ್ಲ ಮೀನುಗಳ ನೀರನ್ನು ಕುಡಿದು ಬದುಕುತ್ತವೆ. ಅವಧಿ ಮುಗಿದ ದಿನ ಮಂಜಿನ ನೀರಿನಲ್ಲೋ ಮತ್ತಿನ ದ್ರಾವಣದಲ್ಲೋ ಇವುಗಳನ್ನು ಕೊನೆಗಾಣಿಸಿ, ಕೆಲವನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಬಣ್ಣವೇರಿಸಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಇನ್ನು ಕೆಲವುಗಳಲ್ಲಿ ರೋಗಾಣುವಿನ ವಂಶಲಿಪಿಯ ತುಣುಕುಗಳಿವೆಯೇ ಎಂದು ಹುಡುಕುತ್ತಾರೆ. ವರದಿ ಬರಲು ಕೆಲವು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಆ ತೊಟ್ಟಿಗೆ ಹೊಸ ಕಾವಲು ಮೀನುಗಳು ಬಂದಿರುತ್ತವೆ.